ಮುಟ್ಟಿ ನೋಡುವ ವಿಜ್ಞಾನ: ಚಿಕ್ಕ ಮಕ್ಕಳೊಂದಿಗೆ ಧಾರವಾಡದ ಕೇಂದ್ರಕ್ಕೆ

ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರ ಇರುವುದು ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ. ಭಾರತ ಸರ್ಕಾರದ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತು ರೂಪಿಸಿಕೊಟ್ಟ ಈ ಕೇಂದ್ರ 2012ರಲ್ಲಿ ಆರಂಭವಾಯಿತು. ಒಳಗೆ ಪ್ರದರ್ಶನಾಂಗಣಗಳಿವೆ, ಹೊರಗೆ ಬಯಲಿನಲ್ಲಿ ವಿಜ್ಞಾನ ಉದ್ಯಾನವಿದೆ. ಬೆಳಗಾವಿ ಜಿಲ್ಲೆಯ ನಿಡಸೋಸಿ, ಸಂಕೇಶ್ವರ, ಹುಕ್ಕೇರಿ ಕಡೆಯವರು ಮಕ್ಕಳನ್ನು ಕರೆದುಕೊಂಡು ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದಷ್ಟು ದೂರದಲ್ಲಿರುವ ಸಂಗ್ರಹಾಲಯ ಇದು. ಕೈಯಾರೆ ಎಳೆದು, ತಿರುಗಿಸಿ, ಹತ್ತಿ ಇಳಿದು ಕಲಿಯುವುದಕ್ಕೆಂದೇ ಇದನ್ನು ಕಟ್ಟಲಾಗಿದೆ.

ಇಂಥ ಸಂಗ್ರಹಾಲಯಗಳಿಗೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಮಕ್ಕಳಿಗಾಗಿಯೇ ಮೀಸಲಾದ ಮೊದಲ ಸಂಗ್ರಹಾಲಯ 1899ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ತೆರೆಯಿತು. 1903ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಸ್ಥಾಪನೆಯಾದ ಡಾಯ್ಚಸ್ ಮ್ಯೂಸಿಯಂ, ಗುಂಡಿ ಒತ್ತಿದರೆ ಓಡುವ ಯಂತ್ರಗಳನ್ನು ಜನರ ಮುಂದಿಟ್ಟಿತು. 1969ರಲ್ಲಿ ಭೌತವಿಜ್ಞಾನಿ ಫ್ರ್ಯಾಂಕ್ ಓಪನ್‌ಹೈಮರ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಆರಂಭಿಸಿದ ಮೇಲೆ, ನೋಡಲು ಬಂದವರೇ ಪ್ರಯೋಗ ಮಾಡಬೇಕೆಂಬ ವಿಚಾರ ಜಗತ್ತಿನಾದ್ಯಂತ ಹಬ್ಬಿತು.

ಭಾರತದಲ್ಲಿ ಈ ದಾರಿ ಕೋಲ್ಕತ್ತಾದ ಬಿರ್ಲಾ ಸಂಗ್ರಹಾಲಯದಿಂದ ಶುರುವಾಗುತ್ತದೆ. ಅದು ತೆರೆದದ್ದು 1959ರಲ್ಲಿ. ಎರಡನೆಯದು ಕನ್ನಡ ನಾಡಿನದು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯದ ಕಟ್ಟಡವನ್ನು 1962ರಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಅಲ್ಲಿ ಜನರಿಗೆ ತೆರೆದ ಮೊದಲ ಅಂಗಣದ ವಿಷಯ ವಿದ್ಯುತ್ತು, ಅದು 1965ರಲ್ಲಿ. 1978ರಲ್ಲಿ ಈ ಸಂಸ್ಥೆಗಳೆಲ್ಲ ರಾಷ್ಟ್ರೀಯ ಪರಿಷತ್ತಿನ ಅಡಿಯಲ್ಲಿ ಬಂದವು. ಅಲ್ಲಿಯವರೆಗೆ ಮಹಾನಗರಗಳಲ್ಲಷ್ಟೇ ಇದ್ದದ್ದು ಜಿಲ್ಲೆಗಳತ್ತ ಹೊರಳಿತು. 1984ರಲ್ಲಿ ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಬಂತು, ಮುಂದೆ ಧಾರವಾಡ ಮತ್ತು ಮಂಗಳೂರಿನ ಪಿಲಿಕುಳದಲ್ಲಿ ಪ್ರಾದೇಶಿಕ ಕೇಂದ್ರಗಳು ಬಂದವು. ಉತ್ತರ ಕರ್ನಾಟಕದ ಮಕ್ಕಳು ಇದಕ್ಕಾಗಿ ಬೆಂಗಳೂರಿನವರೆಗೆ ಹೋಗಬೇಕಾದ ಕಾಲ ಹೀಗೆ ಮುಗಿಯಿತು. ಸಣ್ಣ ಮಾತೇನಲ್ಲ ಇದು.

ವಿಜ್ಞಾನ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಪ್ರದರ್ಶಿಕೆಗಳಲ್ಲಿ ರಾಟೆಯ ಕುರ್ಚಿ ಮುಖ್ಯವಾದದ್ದು. ಕುರ್ಚಿಯಲ್ಲಿ ಕೂತವರು ಮೇಲಿನ ರಾಟೆಯಿಂದ ಇಳಿಬಿದ್ದ ಹಗ್ಗವನ್ನು ತಾವೇ ಜಗ್ಗಿ ತಮ್ಮನ್ನು ಮೇಲೆತ್ತಿಕೊಳ್ಳಬೇಕು. ಹುಡುಗಿಯ ತೂಕ 20 ಕಿಲೊ, ಕುರ್ಚಿಯದು 4 ಕಿಲೊ ಎಂದಿಟ್ಟುಕೊಂಡರೆ, ಒಂದೇ ರಾಟೆಯಿದ್ದಾಗ ಭಾರ ಹಗ್ಗದ ಎರಡು ಎಳೆಗಳಿಗೆ ಹಂಚಿಹೋಗುತ್ತದೆ. ಆಕೆ 12 ಕಿಲೊದಷ್ಟು ಬಲ ಹಾಕಿದರೆ ಸಾಕು. ಪಕ್ಕದ ಕುರ್ಚಿಗೆ ರಾಟೆಗಳು ಹೆಚ್ಚಿದ್ದು ಭಾರ ಹೊರುವ ಎಳೆಗಳು ನಾಲ್ಕಾದರೆ ಬರೀ 6 ಕಿಲೊ. ಆದರೆ ಒಂದು ಗೇಣು ಮೇಲೇರಲು ನಾಲ್ಕು ಗೇಣು ಹಗ್ಗ ಜಗ್ಗಬೇಕಾಗುತ್ತದೆ. ಬಲದಲ್ಲಿ ಉಳಿದದ್ದು ಹಗ್ಗದ ಉದ್ದದಲ್ಲಿ ಖರ್ಚಾಗುತ್ತದೆ. ಈ ಲೆಕ್ಕ ಆರು ವರ್ಷದ ಮಗುವಿಗೆ ಹೇಳಿದರೆ ತಿಳಿಯದು. ಒಂದು ಕುರ್ಚಿಯಿಂದ ಇಳಿದು ಇನ್ನೊಂದಕ್ಕೆ ಹತ್ತಿದಾಗ ಮಾತ್ರ ಕೈಗೆ ತಿಳಿಯುತ್ತದೆ. ಎರಡು ಕುರ್ಚಿಗಳನ್ನು ಒಂದರ ಹಿಂದೆ ಒಂದರಂತೆ ಏರಿ ನೋಡಲು ಬಿಡುವುದು ಅದಕ್ಕೇ ಮುಖ್ಯ.

ಎದುರು ಬದುರು ನಿಲ್ಲಿಸಿದ ಎರಡು ದೊಡ್ಡ ಬೋಗುಣಿಗಳು ಇನ್ನೊಂದು ಆಕರ್ಷಣೆ. ಒಂದರ ನಾಭಿಯಲ್ಲಿ, ಅಂದರೆ ಬೋಗುಣಿಯ ಮುಂದೆ ಸದ್ದು ಕೂಡುವ ಬಿಂದುವಿನಲ್ಲಿ, ಪಿಸುಗುಟ್ಟಿದ ಮಾತು ಬೋಗುಣಿಗೆ ಬಡಿದು ನೇರ ಸಾಲಾಗಿ ಸಾಗಿ, ದೂರದ ಬೋಗುಣಿಯ ನಾಭಿಯಲ್ಲಿ ಮತ್ತೆ ಒಂದುಗೂಡುತ್ತದೆ. ನಡುವೆ ನಿಂತವರಿಗೆ ಏನೂ ಕೇಳಿಸದಿದ್ದರೂ ಆಚೆ ತುದಿಯಲ್ಲಿ ಕಿವಿಗೊಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಚಿಕ್ಕವರಿಗೆ ನಾಭಿಯ ಎತ್ತರ ಎಟುಕದಿದ್ದರೆ ಎತ್ತಿ ಹಿಡಿಯಬೇಕು. ಕಿವಿ ಒಂದು ಗೇಣು ಆಚೀಚೆಯಾದರೂ ಮಾತು ಮಸುಕಾಗುತ್ತದೆ. ಗಾಳಿಯ ಚಿಲುಮೆಯ ಮೇಲೆ ಬೀಳದೆ ತೇಲುವ ಚೆಂಡು, ಒಂದನ್ನು ತೂಗಿದರೆ ಪಕ್ಕದ್ದು ತಾನಾಗಿ ತೂಗತೊಡಗುವ ಜೋಡಿ ಉಯ್ಯಾಲೆ, ಮೈ ಉದ್ದಗಿಡ್ಡ ಮಾಡುವ ಕನ್ನಡಿಗಳು ಇವೆಲ್ಲ ಈ ಬಗೆಯ ಕೇಂದ್ರಗಳ ಬಳಗವೇ. ಕನ್ನಡಿಗಳ ಮುಂದೆ ಮಕ್ಕಳು ಹೆಚ್ಚು ನಗುತ್ತಾರೆ, ರಾಟೆಯ ಬಳಿ ಹೆಚ್ಚು ಕಲಿಯುತ್ತಾರೆ.

ಹುಕ್ಕೇರಿ, ಗೋಕಾಕ, ಮೂಡಲಗಿಯ ಮಕ್ಕಳಿಗೆ ಎಲ್ಲಕ್ಕಿಂತ ಹತ್ತಿರದ ಪಾಠ ಕೈಯಿಂದ ತಿರುಗಿಸುವ ವಿದ್ಯುತ್ ಜನಕ. ಹಿಡಿ ತಿರುಗಿಸಿದರೆ ತಂತಿಯ ಸುರುಳಿ ಮತ್ತು ಆಯಸ್ಕಾಂತಗಳಲ್ಲಿ ಒಂದು ಇನ್ನೊಂದರ ಎದುರು ಸುತ್ತಿ ಬಲ್ಬು ಹತ್ತುತ್ತದೆ. ನಿಧಾನಕ್ಕೆ ತಿರುಗಿಸಿದರೆ ಕೆಂಡದಂತೆ ಮಂದ, ಜೋರಾಗಿ ತಿರುಗಿಸಿದರೆ ಪ್ರಖರ. ದೀಪ ಜೋಡಿಸದಿದ್ದಾಗ ಹಿಡಿ ಸಲೀಸಾಗಿ ಸುತ್ತುತ್ತದೆ; ದೀಪ ಜೋಡಿಸಿದ ಕೂಡಲೇ ಬಿಗಿಯಾಗುತ್ತದೆ, ಎರಡನೆಯ ದೀಪ ಜೋಡಿಸಿದರೆ ಇನ್ನೂ ಬಿಗಿ. ಬೆಳಕು ಪುಕ್ಕಟೆ ಬರುವುದಿಲ್ಲ, ಅದಕ್ಕೆ ದುಡಿಯಬೇಕು ಎಂಬುದನ್ನು ರಟ್ಟೆಯೇ ಹೇಳುತ್ತದೆ. ಈ ಭಾಗದಲ್ಲಿ ಅದೇ ದುಡಿಮೆಯನ್ನು ಘಟಪ್ರಭೆ ಹೊಳೆ ಮಾಡುತ್ತ ಬಂದಿದೆ. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಜಲಪಾತದಲ್ಲಿ 1887ರಷ್ಟು ಹಿಂದೆಯೇ ವಿದ್ಯುತ್ ಉತ್ಪಾದನೆ ಆರಂಭವಾಯಿತೆಂದು ದಾಖಲಾಗಿದೆ. ಪಕ್ಕದ ಹತ್ತಿ ಗಿರಣಿಯ ಚರಿತ್ರೆಯೂ ಈ ನೀರಿಗೇ ಅಂಟಿಕೊಂಡದ್ದು. ಹುಕ್ಕೇರಿ ತಾಲೂಕಿನ ಹಳ್ಳಿಗಳಿಗೆ ವಿದ್ಯುತ್ ಹಂಚುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಲ್ಲಿ ಹುಟ್ಟಿತು. ಮನೆಯ ಬಲ್ಬಿನ ಹಿಂದೆ ಹೊಳೆಯೂ ಇದೆ, ಊರವರು ಕೂಡಿ ಕಟ್ಟಿದ ಸಂಘವೂ ಇದೆ ಎಂದು ಮಗುವಿಗೆ ಹೇಳಲು ಆ ಹಿಡಿಯ ಪಕ್ಕಕ್ಕಿಂತ ಒಳ್ಳೆಯ ಜಾಗ ಸಿಗದು.

ಚಿಕ್ಕ ಮಕ್ಕಳೊಂದಿಗೆ ಹೋಗುವಾಗ ಹಿರಿಯರು ಮಾಡುವ ದೊಡ್ಡ ತಪ್ಪೆಂದರೆ ಎಲ್ಲವನ್ನೂ ತೋರಿಸಿಬಿಡಬೇಕೆಂಬ ಅವಸರ. ಶಾಲೆಯ ಶೈಕ್ಷಣಿಕ ಪ್ರವಾಸಗಳಲ್ಲಿ ಇದು ಇನ್ನೂ ಹೆಚ್ಚು: ಸಾಲು ಹಿಡಿದು ಒಳಹೊಕ್ಕು, ಸಾಲು ಕೆಡದಂತೆ ಹೊರಬಂದು ಬಸ್ ಹತ್ತುವುದು. ಐದಾರು ವರ್ಷದ ಮಗು ಒಂದೇ ಆಟಿಕೆಯ ಬಳಿ ಕಾಲು ತಾಸು ನಿಂತು ಅದನ್ನೇ ಮತ್ತೆ ಮತ್ತೆ ಮಾಡುತ್ತಿದ್ದರೆ ಅದು ಹೊತ್ತು ಹಾಳು ಮಾಡುವುದಲ್ಲ. ಮೊದಲ ಸಲ ಅಚ್ಚರಿಗೆ, ಮುಂದಿನ ಸಲ ಪರೀಕ್ಷೆಗೆ, ಆಮೇಲಿನದು ಬೇರೆ ಬಗೆಯಲ್ಲಿ ಮಾಡಿದರೆ ಏನಾದೀತು ಎಂದು ನೋಡುವುದಕ್ಕೆ. ಪ್ರಯೋಗಶಾಲೆಯಲ್ಲಿ ದೊಡ್ಡವರು ಮಾಡುವುದೂ ಇದನ್ನೇ. ಫಲಕ ಓದಿ ಉತ್ತರ ಹೇಳಿಬಿಡುವ ಬದಲು ‘ಈಗ ಏನಾಗಬಹುದು?’ ಎಂದು ಕೇಳಿ ಸುಮ್ಮನಿರುವುದು ಒಳ್ಳೆಯದು. ಮಗುವಿನ ಊಹೆ ತಪ್ಪಾದರೆ ತಿದ್ದುವ ಕೆಲಸವನ್ನು ಯಂತ್ರಕ್ಕೇ ಬಿಡಬೇಕು.

ವಯಸ್ಸಿಗೆ ತಕ್ಕಂತೆ ದಾರಿಯೂ ಬೇರೆ. ಮೂರು ನಾಲ್ಕು ವರ್ಷದವರಿಗೆ ಹೊರಗಿನ ಉದ್ಯಾನವೇ ಸಾಕು. ಕತ್ತಲೆಯ ಕೋಣೆ, ದೊಡ್ಡ ಸದ್ದು, ಅಲುಗಾಡುವ ಪ್ರಾಣಿಯ ಮಾದರಿ ಕೆಲವು ಮಕ್ಕಳಿಗೆ ಹೆದರಿಕೆ ತರುತ್ತವೆ; ಬಲವಂತ ಮಾಡಬಾರದು. ಏಳು ದಾಟಿದವರಿಗೆ ಒಳಾಂಗಣದ ಪ್ರಯೋಗಗಳು ಹಿಡಿಸುತ್ತವೆ. ಉದ್ಯಾನವನ್ನು ಬಿಸಿಲೇರುವ ಮುನ್ನ ಮುಗಿಸಿ, ಬುತ್ತಿ ಉಂಡ ಮೇಲೆ ನೆರಳಿನ ಅಂಗಣಗಳಿಗೆ ಹೋಗುವುದು ಅನುಕೂಲ. ಬೇಸಿಗೆಯಲ್ಲಿ ಕಬ್ಬಿಣದ ಹಿಡಿಕೆಗಳು ಕಾದಿರುತ್ತವೆ, ಮುಟ್ಟುವ ಮೊದಲು ಹಿರಿಯರು ನೋಡಿಕೊಳ್ಳಬೇಕು. ಕೆಟ್ಟು ನಿಂತ ಯಂತ್ರ ಕಂಡರೆ ಸಿಬ್ಬಂದಿಗೆ ತಿಳಿಸಬೇಕು. ದಿನವೂ ನೂರಾರು ಕೈ ಬೀಳುವ ವಸ್ತು ಸವೆಯುವುದು ಸಹಜ, ದುರಸ್ತಿ ಇಂಥ ಕೇಂದ್ರಗಳ ಕೊನೆಯಿಲ್ಲದ ಕೆಲಸ.

ನಿಡಸೋಸಿಯಿಂದ ಧಾರವಾಡ 120 ಕಿ.ಮೀ.ಗಿಂತ ತುಸು ಹೆಚ್ಚು. ಸಂಕೇಶ್ವರದಲ್ಲಿ ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಬೆಳಗಾವಿ, ಕಿತ್ತೂರು ದಾಟಿ ನೇರ ದಾರಿ. ಹೊರಡುವ ಮುನ್ನ ವಾರದ ರಜೆಯ ದಿನ ಕೇಳಿಕೊಳ್ಳಬೇಕು. ಅಷ್ಟು ದೂರ ಹೋಗಲಾಗದ ಶಾಲೆಗಳಿಗೆ ಇನ್ನೊಂದು ದಾರಿಯಿದೆ. ಬಸ್ಸಿನೊಳಗೇ ಪ್ರಯೋಗಗಳನ್ನು ಹೊತ್ತು ಹಳ್ಳಿಗೆ ಹೋಗುವ ಸಂಚಾರಿ ಪ್ರದರ್ಶನವನ್ನು ಕೋಲ್ಕತ್ತಾದ ಸಂಗ್ರಹಾಲಯ 1965ರಲ್ಲೇ ಆರಂಭಿಸಿತು, ಬೆಂಗಳೂರಿನ ಸಂಗ್ರಹಾಲಯವೂ ಅಂಥ ಬಸ್ಸುಗಳನ್ನು ಓಡಿಸುತ್ತ ಬಂದಿದೆ. ತಾಲೂಕಿನ ನಾಲ್ಕಾರು ಶಾಲೆಗಳು ಸೇರಿ ಕೋರಿಕೆ ಸಲ್ಲಿಸುವುದು ಮಾಡಬೇಕಾದ ಕೆಲಸ.

ಮರಳಿದ ಮೇಲೆ ಬಾವಿಯ ರಾಟೆ, ಸೈಕಲ್ಲಿನ ಡೈನಮೊ, ಹಿಡಕಲ್ ಜಲಾಶಯ ಎಲ್ಲವೂ ಮುಂದಿನ ಪಾಠಕ್ಕೆ ಸಿದ್ಧವಿರುತ್ತವೆ. ಗೋಕಾಕ ಜಲಪಾತವನ್ನು ಮಳೆಗಾಲದಲ್ಲಿ, ನೀರು ತುಂಬಿ ಬೀಳುವಾಗ ತೋರಿಸುವುದು ಮೇಲು; ಬೇಸಿಗೆಯಲ್ಲಿ ಬಂಡೆಯಷ್ಟೇ ಕಾಣುತ್ತದೆ.