ಸಾಂಗ್ಲಿಯ ಅರಿಶಿನ, ಮಿರಜದ ತಂಬೂರಿ: ಹೆಸರಿನ ಒಡೆತನ ಯಾರದು?

ಸಾಂಗ್ಲಿಯ ಅರಿಶಿನ ಪೇಟೆ ದೇಶದಲ್ಲೇ ಹೆಸರಾದುದು. ನೆರೆಯ ಮಿರಜದಲ್ಲಿ ಸೋರೆಬುರುಡೆಯಿಂದ ಸಿತಾರ್, ತಂಬೂರಿಗಳನ್ನು ಮಾಡುವ ಮನೆತನಗಳು ತಲೆಮಾರುಗಳಿಂದ ನೆಲೆಸಿವೆ. ಇಲ್ಲಿಯ ವ್ಯಾಪಾರಿಯೊಬ್ಬನು ‘ಅರಿಶಿನ’ ಎಂಬ ಪದವನ್ನೋ ‘ಮಿರಜ’ ಎಂಬ ಊರ ಹೆಸರನ್ನೋ ತನ್ನ ಜಾಲತಾಣದ ವಿಳಾಸವಾಗಿ ಎಲ್ಲರಿಗಿಂತ ಮೊದಲು ನೋಂದಾಯಿಸಿಕೊಂಡನೆನ್ನೋಣ. ಆ ಪದವೂ ಅವನದಾಯಿತೆ?

ಅಂತರಜಾಲದ ವಿಳಾಸವನ್ನು, ಎಂದರೆ ಡೊಮೈನ್ ಹೆಸರನ್ನು, ಕೊಡುವವರು ಪದದ ಅರ್ಥವನ್ನು ವಿಚಾರಿಸುವುದಿಲ್ಲ. ಮೊದಲು ಬಂದವನಿಗೆ ಕೊಡುತ್ತಾರೆ. ಟ್ರೇಡ್‌ಮಾರ್ಕಿನ ಜಗತ್ತಿನಲ್ಲಿ ಒಂದೇ ಪದ ಸಾಬೂನಿನವನ ಬಳಿಯೂ ಬೀಗದವನ ಬಳಿಯೂ ಇರಬಹುದು. ಆದರೆ ‘ಡಾಟ್ ಕಾಮ್’ ಕೊನೆಗಿರುವ ಒಂದು ವಿಳಾಸ ಇಡೀ ಲೋಕಕ್ಕೆ ಒಂದೇ. ತಂಟೆಯ ಮೂಲ ಇರುವುದು ಇಲ್ಲಿ.

ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳ ವಿಭಾಗ ಕನ್ನಡ ವ್ಯಾಕರಣದ ವಿದ್ಯಾರ್ಥಿಗಳಿಗೆ ಪರಿಚಿತ. ಟ್ರೇಡ್‌ಮಾರ್ಕ್ ಕಾನೂನಿನ ವಿಚಾರವೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಸಾಗುತ್ತದೆ. ವಸ್ತುವಿನ ರೂಢನಾಮ ಎಲ್ಲರ ಸೊತ್ತು. ಗುಣವನ್ನಷ್ಟೇ ಹೇಳುವ ಪದಕ್ಕೆ ರಕ್ಷಣೆ ದೊರೆಯುವುದು ಕಷ್ಟ. ಹೊಸದಾಗಿ ಟಂಕಿಸಿದ ಪದಕ್ಕೆ ರಕ್ಷಣೆ ಹೆಚ್ಚು. ಊರ ಹೆಸರಿನಲ್ಲಿ ಮಾತ್ರ ಇವೆರಡೂ ಬೇರೆಯಾಗುತ್ತವೆ. ವೈಯಾಕರಣನಿಗೆ ‘ಮಿರಜ’ ಅಂಕಿತನಾಮ. 1999ರ ಟ್ರೇಡ್‌ಮಾರ್ಕ್ ಕಾಯಿದೆಗೋ, ಸರಕು ಎಲ್ಲಿಯದೆಂದು ಹೇಳುವ ಸಾಮಾನ್ಯ ಪದ.

ಬೆಂಗಳೂರಿನ ನ್ಯಾಯಾಲಯದಲ್ಲಿ ಹುಟ್ಟಿದ ಮೊಕದ್ದಮೆಯೊಂದು ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿತು. ಸತ್ಯಂ ಇನ್ಫೋವೇ ಸಂಸ್ಥೆ ತನ್ನ ಹೆಸರಿನ ತುಣುಕುಗಳಿಂದ ‘ಸಿಫಿ’ ಎಂಬ ಪದವನ್ನು ಕಟ್ಟಿ, 1999ರಲ್ಲಿ ‘ಸಿಫಿನೆಟ್’ ಮೊದಲಾದ ವಿಳಾಸಗಳನ್ನು ಪಡೆದಿತ್ತು. ಅನಂತರ ಇನ್ನೊಂದು ಸಂಸ್ಥೆ ಒಂದಕ್ಷರವನ್ನಷ್ಟೇ ಹೆಚ್ಚಿಸಿ ಅದೇ ಉಚ್ಚಾರದ ವಿಳಾಸ ಪಡೆಯಿತು. ಅದು ಸ್ಥಾಪಕರ ಹೆಸರುಗಳ ಮೊದಲಕ್ಷರಗಳಿಂದಾದ ಪದವೆಂದು ವಾದಿಸಿತು. ಕೆಳನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟು ಅದನ್ನು ತೆಗೆಯಿತು. 2004ರ ಮೇ 6ರಂದು ಸುಪ್ರೀಂ ಕೋರ್ಟು ತಡೆಯನ್ನು ಮರಳಿ ಜಾರಿಗೊಳಿಸಿತು. ಡೊಮೈನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು ಎಂಬುದು ಅಂದಿನ ತೀರ್ಮಾನ.

ಸಾಮಾನ್ಯ ಪದದ ಗತಿ ಬೇರೆ. ಕರ್ನಾಟಕ ಹಾಲು ಮಹಾಮಂಡಳಿಯ ‘ನಂದಿನಿ’ 1985ರಿಂದಲೂ ಬಳಕೆಯಲ್ಲಿದೆ. ‘ನಂದಿನಿ ಡಿಲಕ್ಸ್’ ಹೋಟೆಲು 1989ರಿಂದ. ನಂದಿನಿ ಎಂಬುದು ಪುರಾಣದ ಗೋವಿನ, ದೇವತೆಯ ಹೆಸರೇ ಹೊರತು ಮಂಡಳಿ ಟಂಕಿಸಿದ ಪದವಲ್ಲವೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಲು, ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದ ಸರಕುಗಳಿಗೆ ಹೋಟೆಲಿನವರೂ ಆ ಹೆಸರನ್ನು ಉಳಿಸಿಕೊಂಡರು. ಪುರಾಣ ಓದಿದವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಸಾಂಗ್ಲಿ, ಮಿರಜಗಳ ಹೆಸರುಗಳಿಗೆ ಬೆಲೆ ತಂದವರು ಒಬ್ಬ ವ್ಯಾಪಾರಿಯಲ್ಲ. ಬೆಳೆದ ರೈತರು, ಬುರುಡೆ ಒಣಗಿಸಿ ತಂತಿ ಬಿಗಿದ ಕುಶಲಕರ್ಮಿಗಳು. ಅದಕ್ಕೆಂದೇ ಇರುವುದು ಭೌಗೋಳಿಕ ಸೂಚಕ, ಜನರ ಮಾತಿನಲ್ಲಿ ಜಿಐ ಟ್ಯಾಗ್. ಸಾಂಗ್ಲಿಯ ಅರಿಶಿನಕ್ಕೆ ಅದು 2018ರಲ್ಲಿ, ಮಿರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ದೊರೆಯಿತು. ಇದು ಸಮುದಾಯದ ಹಕ್ಕು. ಟ್ರೇಡ್‌ಮಾರ್ಕಿನಂತೆ ಇದನ್ನು ಇನ್ನೊಬ್ಬರಿಗೆ ಮಾರಲಾಗದು.

ಆದರೆ ಟ್ಯಾಗಿನೊಡನೆ ವಿಳಾಸ ತಾನಾಗಿ ಬರುವುದಿಲ್ಲ. ಡೊಮೈನ್ ವಿವಾದಗಳಿಗೆ 1999ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ ದೂರುದಾರನಿಗೆ ಟ್ರೇಡ್‌ಮಾರ್ಕ್ ಇರಬೇಕು, ಎದುರಾಳಿಗೆ ನ್ಯಾಯವಾದ ಆಸಕ್ತಿ ಇರಬಾರದು, ಅವನ ನೋಂದಣಿಯಲ್ಲೂ ಬಳಕೆಯಲ್ಲೂ ದುರುದ್ದೇಶ ಕಾಣಬೇಕು. ಜಿಐ ಒಂದನ್ನೇ ಹಿಡಿದು ಹೋದವರಿಗೆ ಈ ಬಾಗಿಲು ಸಾಮಾನ್ಯವಾಗಿ ತೆರೆಯದು. ಸಾಂಗ್ಲಿಯ ಹೆಸರಿನ ವಿಳಾಸವಿಟ್ಟುಕೊಂಡವನು ಅಲ್ಲಿಯ ಅರಿಶಿನವನ್ನೇ ಮಾರುತ್ತಿದ್ದರೆ ತಕರಾರಿಗೆ ಎಡೆ ಕಡಿಮೆ. ಬೇರೆಡೆಯ ಅರಿಶಿನವನ್ನು ಸಾಂಗ್ಲಿಯದೆಂದು ಮಾರಿದರೆ ಮಾತ್ರ ಜಿಐ ಕಾಯಿದೆಯಡಿ ರೈತರು ನ್ಯಾಯಾಲಯದ ಮೆಟ್ಟಿಲು ಹತ್ತಬಹುದು.