ಇಂಟರ್ನೆಟ್ ಕರೆಯಲ್ಲಿ ಮಾತು ತುಂಡಾಗುವುದೇಕೆ?

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ವಿಡಿಯೊ ಸರಾಗವಾಗಿ ಓಡುವ ಫೋನಿನಲ್ಲಿಯೇ ವಾಟ್ಸ್‌ಆ್ಯಪ್ ಕರೆಯ ಮಾತು ಕಡಿದುಹೋಗುವುದುಂಟು. ವಿಡಿಯೊವನ್ನು ಮುಂಚಿತವಾಗಿ ತುಂಬಿಸಿಟ್ಟುಕೊಳ್ಳಬಹುದು, ಆದರೆ ಇನ್ನೂ ಆಡದ ಮಾತನ್ನು ತುಂಬಿಸಿಡಲಾಗದು. ಆದ್ದರಿಂದ ಕರೆಯ ಗುಣಮಟ್ಟವು ಸಂಪರ್ಕದ ವೇಗಕ್ಕಿಂತ ಹೆಚ್ಚಾಗಿ ಅದರ ಸ್ಥಿರತೆಯನ್ನೇ ಅವಲಂಬಿಸಿರುತ್ತದೆ.

ಹಳೆಯ ಲ್ಯಾಂಡ್‌ಲೈನ್ ವ್ಯವಸ್ಥೆಯಲ್ಲಿ ಕರೆ ಮುಗಿಯುವವರೆಗೆ ಇಬ್ಬರ ನಡುವೆ ಒಂದು ಮಾರ್ಗ ಮೀಸಲಾಗಿರುತ್ತಿತ್ತು. ಇಂಟರ್ನೆಟ್ ಕರೆಯಲ್ಲಾದರೋ ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸಿ, ಪ್ಯಾಕೆಟ್ ಎಂಬ ಸಣ್ಣ ಕಟ್ಟುಗಳಾಗಿ ವಿಂಗಡಿಸಿ, ಎಲ್ಲರ ಡೇಟಾ ಸಾಗುವ ದಾರಿಯಲ್ಲಿಯೇ ಕಳುಹಿಸಲಾಗುತ್ತದೆ. ಜಿ.711 ಎಂಬ ಹಳೆಯ ಧ್ವನಿ ಸಂಕೇತಕ ವಿಧಾನದಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದರಂತೆ ಸೆಕೆಂಡಿಗೆ 50 ಪ್ಯಾಕೆಟ್‌ಗಳನ್ನು ಕಳುಹಿಸಲಾಗುತ್ತದೆ. ಪ್ರತಿ ಪ್ಯಾಕೆಟ್‌ನಲ್ಲಿ 160 ಬೈಟ್ ಧ್ವನಿಯೂ 40 ಬೈಟ್ ವಿಳಾಸಾದಿ ವಿವರಗಳೂ ಇರುವುದರಿಂದ ಒಂದು ದಿಕ್ಕಿನ ಮಾತಿಗೆ ಸೆಕೆಂಡಿಗೆ 80 ಕಿಲೋಬಿಟ್ ಸಾಕಾಗುತ್ತದೆ. 2012ರಲ್ಲಿ ಮಾನಕವಾದ ಓಪಸ್ ವಿಧಾನಕ್ಕೆ ಇನ್ನೂ ಕಡಿಮೆ ಸಾಕು.

ಕರೆಯನ್ನು ಕೆಡಿಸುವ ಸಂಗತಿಗಳು ಮುಖ್ಯವಾಗಿ ಮೂರು: ವಿಳಂಬ, ವಿಳಂಬದ ಏರಿಳಿತ ಮತ್ತು ಪ್ಯಾಕೆಟ್ ನಷ್ಟ. ಒಬ್ಬರ ಮಾತು ಇನ್ನೊಬ್ಬರ ಕಿವಿ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯದಿರುವುದು ಒಳಿತೆಂದೂ, 400 ಮಿಲಿಸೆಕೆಂಡು ಮೀರಲೇಬಾರದೆಂದೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೂಚಿಸಿದೆ. ವಿಳಂಬ ಹೆಚ್ಚಿದಾಗ ಇಬ್ಬರೂ ಒಟ್ಟಿಗೆ ಮಾತು ಆರಂಭಿಸಿ ಒಟ್ಟಿಗೆ ನಿಲ್ಲಿಸುವಂತಾಗುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುವುದರಿಂದ ಮಧುಗಿರಿಯಿಂದ ಬೆಂಗಳೂರಿಗಿರುವ ನೂರು ಕಿಲೋಮೀಟರ್ ಆಸುಪಾಸಿನ ದೂರ ಅರ್ಧ ಮಿಲಿಸೆಕೆಂಡಿನ ಮಾತಷ್ಟೆ. ಹೆಚ್ಚಿನ ವಿಳಂಬ ಹುಟ್ಟುವುದು ದಾರಿಯ ಉಪಕರಣಗಳಲ್ಲಿ ಪ್ಯಾಕೆಟ್‌ಗಳು ಸರದಿ ಕಾಯುವುದರಿಂದ.

ಸರದಿ ಒಮ್ಮೆ ಉದ್ದವಾಗಿ ಒಮ್ಮೆ ಮೊಟಕಾದಾಗ ಪ್ಯಾಕೆಟ್‌ಗಳು ಅಡ್ಡಾದಿಡ್ಡಿ ಅಂತರದಲ್ಲಿ ಬರತೊಡಗುತ್ತವೆ. ಹಳ್ಳದ ನೀರು ಹೇಗೇ ನುಗ್ಗಿ ಬಂದರೂ ಕೆರೆಯು ಅದನ್ನು ತಡೆದು ತೂಬಿನಿಂದ ಸಮನಾಗಿ ಬಿಡುವಂತೆ, ಫೋನು ಅವುಗಳನ್ನು ಕ್ಷಣಕಾಲ ಕೂಡಿಟ್ಟು ಕ್ರಮವಾಗಿ ನುಡಿಸುತ್ತದೆ. ಆ ಅವಧಿ ಮೀರಿ ಬಂದ ಪ್ಯಾಕೆಟ್ ಕಳೆದುಹೋದುದಕ್ಕೆ ಸಮ. 'ಮಧುಗಿರಿ' ಎಂದು ಹೇಳಲು ಅರ್ಧ ಸೆಕೆಂಡು ಹಿಡಿದರೆ ಆ ಹೆಸರು 25 ಪ್ಯಾಕೆಟ್‌ಗಳಲ್ಲಿ ಹೊರಡುತ್ತದೆ. ಅಲ್ಲೊಂದು ಇಲ್ಲೊಂದು ಕಳೆದರೆ ಅಕ್ಕಪಕ್ಕದ ಧ್ವನಿಯಿಂದ ಊಹಿಸಿ ಆ ಬಿರುಕನ್ನು ಮುಚ್ಚಬಹುದು, ಆದರೆ ಸಾಲಾಗಿ ನಾಲ್ಕು ಹೋದರೆ 80 ಮಿಲಿಸೆಕೆಂಡಿನ ಮಾತು, ಅಂದರೆ ಒಂದು ಅಕ್ಷರವೇ ಅಳಿಸಿಹೋಗಬಹುದು.

ಈ ತಾಲ್ಲೂಕುಗಳ ನೆಲವೂ ಇದರಲ್ಲಿ ಪಾತ್ರ ವಹಿಸುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆ ಸೀಮೆಯ ಸಿದ್ಧರಬೆಟ್ಟ, ಪಾವಗಡದ ಕೋಟೆಬೆಟ್ಟಗಳಂತಹ ಬಂಡೆಯ ಮರೆಯಲ್ಲಿ ರೇಡಿಯೊ ಅಲೆ ಕುಗ್ಗುತ್ತದೆ. ಹಾಗೆ ಕುಗ್ಗಿದಾಗ ಹಾಳಾದ ಡೇಟಾವನ್ನು ಟವರ್ ಮತ್ತೆ ಮತ್ತೆ ಕಳುಹಿಸಬೇಕಾಗಿ ವಿಳಂಬದ ಏರಿಳಿತ ಹೆಚ್ಚುತ್ತದೆ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡದ ಗಡಿ ಊರುಗಳಲ್ಲಿ ಫೋನು ಆಚೆಯ ಟವರಿಗೆ ಹೊರಳಿದಾಗಲೂ ಕರೆ ಕಡಿಯಬಹುದು. ಬಯಲಿನ ಶಿರಾದಲ್ಲಿಯೂ ಸಂಜೆ ಎಲ್ಲರೂ ಒಂದೇ ಟವರನ್ನು ಬಳಸುವಾಗ ಸರದಿ ಬೆಳೆಯುತ್ತದೆ, ಆದರೆ ಅದು ಫೋನಿನಲ್ಲಿ ಕಾಣದು, ಏಕೆಂದರೆ ಪರದೆಯ ಮೇಲಿನ ಸಿಗ್ನಲ್ ಗೆರೆಗಳು ಅಲೆಯ ಬಲವನ್ನು ತೋರಿಸುತ್ತವೆಯೇ ಹೊರತು ದಟ್ಟಣೆಯನ್ನಲ್ಲ. 4ಜಿ ಜಾಲದ ವೋಲ್ಟಿ ಕರೆಗೆ ಕಂಪನಿಯೇ ಆದ್ಯತೆ ಕೊಡುವುದರಿಂದ, ಅಂತಹ ಆದ್ಯತೆಯಿಲ್ಲದ ಆ್ಯಪ್ ಕರೆ ಕೆಟ್ಟಾಗಲೂ ವೋಲ್ಟಿ ಕರೆ ಸ್ಪಷ್ಟವಾಗಿ ಕೇಳಿಸಬಲ್ಲದು.

ಮನೆಯೊಳಗೆ ವೈಫೈ ರೂಟರ್‌ಗೆ ಹತ್ತಿರವಿರುವುದು, ಕರೆಯ ವೇಳೆ ದೊಡ್ಡ ಕಡತಗಳನ್ನು ಕಳುಹಿಸದಿರುವುದು, ಅಗತ್ಯವಿಲ್ಲದಾಗ ವಿಡಿಯೊ ನಿಲ್ಲಿಸುವುದು ಬಳಕೆದಾರರ ಕೈಯಲ್ಲಿರುವ ಪರಿಹಾರಗಳು. ಇದಕ್ಕಿಂತ ದೊಡ್ಡ ಹೊಣೆ ವ್ಯವಸ್ಥೆಯದು. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒದಗಿಸುವ ಗುರಿಯದು. ಅಂತಹ ಸಂಪರ್ಕದಲ್ಲಿ ಮಾತು ತುಂಡಾಗದಿರುವುದೂ ಮುಖ್ಯ: ಇ-ಸಂಜೀವಿನಿಯಂತಹ ಸೇವೆಯಲ್ಲಿ ಹಳ್ಳಿಯ ರೋಗಿಯು ದೂರದ ವೈದ್ಯರೊಂದಿಗೆ ಮಾತನಾಡುವಾಗ ಔಷಧದ ಹೆಸರೋ ಪ್ರಮಾಣವೋ ಅರ್ಧ ಕೇಳಿಸಿದರೆ ಅಪಾಯವಾದೀತು. ಆದಕಾರಣ ಸಂಪರ್ಕವನ್ನು ಪರೀಕ್ಷಿಸುವವರು ವೇಗದ ಅಂಕಿಯೊಂದಕ್ಕೇ ತೃಪ್ತರಾಗದೆ, ದಟ್ಟಣೆಯ ಹೊತ್ತಿನಲ್ಲಿ ವಿಳಂಬ, ಏರಿಳಿತ ಮತ್ತು ನಷ್ಟಗಳನ್ನು ಅಳೆದು ಜನರಿಗೆ ತಿಳಿಸುವುದು ಅತ್ಯಗತ್ಯ.