ಎಳೆಸಿಕೊಂಡು ಹೋಗುವ ಚಕ್ರಕ್ಕೆ ಬ್ಯಾಲೆನ್ಸಿಂಗ್ ಬೇಕೆ?

ಅಣ್ಣನ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಹೋದ ವರ್ಷ ಅಲ್ಲಿ ಒಂದು ಟ್ರಾವೆಲ್ ಟ್ರೇಲರ್ ಕೊಂಡ. ಹಾಸಿಗೆ, ಒಲೆ, ಕಕ್ಕಸು ಎಲ್ಲ ಇರುವ, ಚಕ್ರದ ಮೇಲೆ ಕಟ್ಟಿದ ಪುಟ್ಟ ಮನೆ ಅದು. ಪಿಕಪ್ ಹಿಂದೆ ಸಿಕ್ಕಿಸಿಕೊಂಡು ಊರೂರು ಸುತ್ತುತ್ತಾರೆ. ಒಂದು ಭಾನುವಾರ ಫೋನ್ ಮಾಡಿದವನು, "ಚಿಕ್ಕಪ್ಪ, ಹೊಸ ಟಯರ್ ಹಾಕಿಸ್ತಿದ್ದೀನಿ. ಟ್ರೇಲರ್ ಚಕ್ರಕ್ಕೆ ಬ್ಯಾಲೆನ್ಸಿಂಗ್ ಬೇಡ ಅಂತಾನೆ ಅಂಗಡಿಯವನು. ಹೌದಾ?" ಎಂದು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಜಗಲಿಯಲ್ಲಿ ಕೂತಿದ್ದ ನಮ್ಮ ಟ್ರ್ಯಾಕ್ಟರ್ ಡ್ರೈವರ್ ನಕ್ಕುಬಿಟ್ಟ. "ಟ್ರೇಲರಿಗೆ ಬ್ಯಾಲೆನ್ಸಿಂಗಾ ಸಾವ್ಕಾರ್ರೆ? ಇಪ್ಪತ್ತು ವರ್ಷದಿಂದ ಎಳೀತಿದ್ದೀನಿ, ಒಂದು ದಿನ ಮಾಡಿಸಿಲ್ಲ."

ಇಬ್ಬರು ಹೇಳಿದ್ದೂ ಒಂದೇ ಮಾತು. ಆದರೆ ನಮ್ಮ ಡ್ರೈವರ್ ಹೇಳಿದ್ದು ಸರಿ, ಟೆಕ್ಸಾಸಿನ ಅಂಗಡಿಯವನು ಹೇಳಿದ್ದು ತಪ್ಪು. ನಮ್ಮ ಕೊಡಗಿನ ಚೆಟ್ಟಳ್ಳಿಯ ಚಹಾದಂಗಡಿಗಳಲ್ಲಿ ಚಕ್ರ, ಟಯರ್ ಬಗ್ಗೆ ಕೇಳಿಬರುವ ಮಾತುಗಳಲ್ಲಿ ಹೆಚ್ಚಿನವು ಹೀಗೆಯೇ. ಎಲ್ಲೋ ಒಂದು ಕಡೆ ನಿಜವಾದದ್ದನ್ನು ಎಲ್ಲ ಕಡೆಗೂ ಹಚ್ಚಿರುತ್ತಾರೆ.

"ತೋಟದ ಟ್ರೇಲರಿಗೆ ಬೇಡ ಅಂದಮೇಲೆ ಯಾವ ಟ್ರೇಲರಿಗೂ ಬೇಡ"

ಯಾವ ಚಕ್ರದ ತೂಕವೂ ಸುತ್ತಲೂ ಸಮವಾಗಿ ಹಂಚಿಕೊಂಡಿರುವುದಿಲ್ಲ. ಟಯರಿನ ರಬ್ಬರ್ ಒಂದು ಕಡೆ ಚೂರು ದಪ್ಪ, ಡಿಸ್ಕಿನ ಬೆಸುಗೆ ಒಂದು ಕಡೆ ಚೂರು ಭಾರ, ವಾಲ್ವ್ ಇರುವ ಜಾಗದಲ್ಲಿ ಇನ್ನಷ್ಟು. ಆ ಭಾರಕ್ಕೆ ಎದುರಾಗಿ ಸೀಸದ ಅಥವಾ ಕಬ್ಬಿಣದ ತುಂಡು ಕೂರಿಸಿ ಸರಿದೂಗಿಸುವುದೇ ಬ್ಯಾಲೆನ್ಸಿಂಗ್.

ಒಂದು 15 ಇಂಚಿನ ಡಿಸ್ಕಿನ ಅಂಚಿನಲ್ಲಿ 30 ಗ್ರಾಂ ಹೆಚ್ಚಿದೆ ಎಂದುಕೊಳ್ಳಿ. ಗಾಡಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವಾಗ ಆ 30 ಗ್ರಾಂ ಚಕ್ರವನ್ನು ಹೊರಕ್ಕೆ ಜಗ್ಗುವ ಬಲ ಸುಮಾರು 160 ಗ್ರಾಂ ತೂಕದಷ್ಟು. ಚಕ್ರಕ್ಕೆ ಅದು ಗೊತ್ತೇ ಆಗುವುದಿಲ್ಲ. 40 ಕಿ.ಮೀ.ಗೆ ಅದು 650 ಗ್ರಾಂ. 80ಕ್ಕೆ ಏರಿದರೆ ಎರಡೂವರೆ ಕೆ.ಜಿ. ಮೀರುತ್ತದೆ, 100ಕ್ಕೆ ನಾಲ್ಕು ಕೆ.ಜಿ. ವೇಗ ಎರಡು ಪಟ್ಟಾದರೆ ಜಗ್ಗುವ ಬಲ ನಾಲ್ಕು ಪಟ್ಟಾಗುತ್ತದೆ. 80ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಹತ್ತು ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಎಂದರೆ ಸೆಕೆಂಡಿಗೆ ಹತ್ತು ಸಲ ಯಾರೋ ಎರಡೂವರೆ ಕೆ.ಜಿ. ಬಲದಿಂದ ಗುದ್ದಿದ ಹಾಗೆ.

ಈಗ ನಮ್ಮ ತೋಟದ ಟ್ರೇಲರ್ ನೋಡಿ. ಡಿಸೆಂಬರಿನಿಂದ ಮಾರ್ಚಿಯವರೆಗೆ ಕಾಫಿ ಹಣ್ಣು ತುಂಬಿಕೊಂಡು ತೋಟದಿಂದ ಕಣಕ್ಕೆ, ಕಣದಿಂದ ಪಲ್ಪರ್ ಮನೆಗೆ. ಮಳೆಗಾಲ ಬಂದರೆ ಗೊಬ್ಬರ, ಸೌದೆ. ಗುಂಡಿ ಬಿದ್ದ ಮಣ್ಣಿನ ದಾರಿಯಲ್ಲಿ ಟ್ರ್ಯಾಕ್ಟರ್ ಓಡುವುದೇ ಹತ್ತು ಹದಿನೈದರ ವೇಗದಲ್ಲಿ. ಅದರ ಚಕ್ರಕ್ಕೆ ಬ್ಯಾಲೆನ್ಸಿಂಗ್ ಮಾಡಿಸುವುದು ಗುದ್ದಲಿಗೆ ಸಾಣೆ ಹಿಡಿದು ಕ್ಷೌರಕ್ಕೆ ಕೂತಂತೆ. ಟೆಕ್ಸಾಸಿನ ಹೆದ್ದಾರಿಯಲ್ಲಿ ನೂರರ ಆಸುಪಾಸಿನಲ್ಲಿ ಓಡುವ ಟ್ರೇಲರಿನ ಕಥೆ ಬೇರೆ.

"ಗಾಡಿ ಊರಲ್ಲಿ ಚೆನ್ನಾಗೇ ಓಡುತ್ತೆ, ಆ ಹೊಸ ರಸ್ತೆಯೇ ಸರಿ ಇಲ್ಲ"

2023ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ ಕೊಡಗಿನವರ ಬಾಯಲ್ಲಿ ಹುಟ್ಟಿಕೊಂಡ ದೂರು ಇದು. ಮಡಿಕೇರಿಯಿಂದ ಕತ್ತಲೆಕಾಡಿನ ತಿರುವುಗಳನ್ನು ಇಳಿದು ಚೆಟ್ಟಳ್ಳಿ ಸೇರುವವರೆಗೆ ಗಾಡಿ 50 ದಾಟುವುದೇ ಅಪರೂಪ. ಆನೆ ಯಾವ ತಿರುವಿನಲ್ಲಿ ನಿಂತಿದೆಯೋ ಎಂಬ ಹೆದರಿಕೆ ಬೇರೆ. ಹೀಗೆ ವರ್ಷಗಟ್ಟಲೆ ಓಡಿಸಿದ ಜೀಪನ್ನು ಒಂದು ದಿನ ದಶಪಥಕ್ಕೆ ತಂದು 80, 90ಕ್ಕೆ ಏರಿಸಿದರೆ ಸ್ಟೀರಿಂಗ್ ನಡುಗದೆ ಇನ್ನೇನು? ಆ ಮೂವತ್ತು ಗ್ರಾಂ ಮೊದಲಿನಿಂದಲೂ ಅಲ್ಲೇ ಇತ್ತು. ಅದರ ಸದ್ದು ಕೇಳುವಷ್ಟು ವೇಗದಲ್ಲಿ ನಾವೇ ಹೋಗಿರಲಿಲ್ಲ.

ನಡುಕ ಒಂದು ವೇಗದಲ್ಲಿ ಶುರುವಾಗಿ, ಅದನ್ನು ದಾಟಿದ ಮೇಲೆ ಕಡಿಮೆಯಾಗುವುದೂ ಉಂಟು. ಚಕ್ರ, ಸ್ಪ್ರಿಂಗ್ ಇವುಗಳಿಗೆ ತಮ್ಮದೇ ಆದ ಒಂದು ಕುಣಿತದ ಲಯವಿರುತ್ತದೆ. ಚಕ್ರದ ಗುದ್ದು ಆ ಲಯಕ್ಕೆ ಕೂಡಿದಾಗ ಅಲುಗಾಟ ಜೋರು. "ನೂರಕ್ಕೆ ಹೋದರೆ ಸರಿಹೋಗುತ್ತೆ" ಎಂದು ಇನ್ನಷ್ಟು ತುಳಿಯುವ ಯುವಕರನ್ನು ನೋಡಿದ್ದೇನೆ. ಸರಿಹೋಗಿರುವುದಿಲ್ಲ. ಗುದ್ದು ಆಗ ಇನ್ನೂ ದೊಡ್ಡದು, ಕೈಗೆ ತಿಳಿಯುವುದು ಕಡಿಮೆ ಅಷ್ಟೆ.

"ಟ್ರೇಲರಿಗೆ ಸ್ಟೀರಿಂಗ್ ಇಲ್ಲ, ಹಾಗಾಗಿ ತೊಂದರೆ ಇಲ್ಲ"

ಅಣ್ಣನ ಮಗನಿಗೆ ಅಂಗಡಿಯವನು ಕೊಟ್ಟ ಕಾರಣ ಇದೇ. ನಡುಕವಿಲ್ಲ ಎನ್ನುವುದೂ ನಡುಕ ನಮಗೆ ತಿಳಿಯುವುದಿಲ್ಲ ಎನ್ನುವುದೂ ಬೇರೆ ಬೇರೆ. ಟ್ರೇಲರಿನೊಳಗೆ ಯಾರೂ ಕೂತಿರುವುದಿಲ್ಲ. ಮುಂದಿನ ಪಿಕಪ್‌ನಲ್ಲಿ ಹಾಡು ಕೇಳುತ್ತಾ ಕೂತವನಿಗೆ ಹಿಂದೆ ಚಕ್ರ ಕುಣಿಯುತ್ತಿರುವುದು ಹೇಗೆ ಗೊತ್ತಾಗಬೇಕು? ಅಮೆರಿಕದ ಹೆಚ್ಚಿನ ಟ್ರಾವೆಲ್ ಟ್ರೇಲರುಗಳಲ್ಲಿ ಶಾಕ್ ಅಬ್ಸಾರ್ಬರ್ ಕೂಡ ಇರುವುದಿಲ್ಲ, ಬರೀ ಪಟ್ಟಿ ಸ್ಪ್ರಿಂಗ್. ಕುಣಿತವನ್ನು ನುಂಗಿಕೊಳ್ಳಲು ಅಲ್ಲಿ ಹೆಚ್ಚೇನೂ ಇಲ್ಲ. ಅದೆಲ್ಲ ಹೋಗಿ ಸೇರುವುದು ಬೀರುವಿನ ಸ್ಕ್ರೂಗಳಿಗೆ, ಗೋಡೆಯ ರಿವಿಟ್ಟುಗಳಿಗೆ, ಬೇರಿಂಗಿಗೆ. ಸಾವಿರಾರು ಕಿ.ಮೀ. ಆದಮೇಲೆ ಬೀರುವಿನ ಬಾಗಿಲು ಕಳಚಿಕೊಂಡಾಗ ಜನ ಬಡಗಿಯನ್ನು ಬೈಯುತ್ತಾರೆ.

ಟ್ರೇಲರಿನ ನಡುಕ ಕೈಗೆ ಸಿಗದಿದ್ದರೂ ಟಯರಿನ ಮೇಲೆ ಬರೆದಿರುತ್ತದೆ. ಅಂಗೈಯನ್ನು ಟಯರಿನ ಸುತ್ತ ಸವರಿ ನೋಡಿ. ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ಉಬ್ಬು ಸಿಕ್ಕಿದರೆ ಚಕ್ರ ಕುಣಿದಿದೆ. ಅದಕ್ಕೆ ಕಾರಣ ಬ್ಯಾಲೆನ್ಸ್ ಇರಬಹುದು, ಸತ್ತುಹೋದ ಶಾಕ್ ಅಬ್ಸಾರ್ಬರ್ ಇರಬಹುದು, ಸಡಿಲ ಬೇರಿಂಗ್ ಇರಬಹುದು. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಸವೆದಿದ್ದರೆ ಅದು ಅಲೈನ್‌ಮೆಂಟಿನ ಲೆಕ್ಕ.

ಅಲೈನ್‌ಮೆಂಟ್ ಎಂದ ಕೂಡಲೇ ಇನ್ನೊಂದು ಗೊಂದಲ ಬಿಡಿಸಬೇಕು. ನಮ್ಮಲ್ಲಿ ಇವೆರಡನ್ನೂ ಅವಳಿ ಮಕ್ಕಳ ಹಾಗೆ ಒಂದೇ ಉಸಿರಿನಲ್ಲಿ ಕರೆದು ರೂಢಿ. ಚಕ್ರಗಳು ಯಾವ ದಿಕ್ಕಿಗೆ ಮುಖ ಮಾಡಿವೆ, ಎಷ್ಟು ವಾಲಿವೆ ಎಂಬುದು ಅಲೈನ್‌ಮೆಂಟ್. ಚಕ್ರದ ತೂಕ ಹೇಗೆ ಹಂಚಿದೆ ಎಂಬುದು ಬ್ಯಾಲೆನ್ಸಿಂಗ್. ಗಾಡಿ ಒಂದು ಕಡೆಗೆ ಎಳೆದರೆ ಬ್ಯಾಲೆನ್ಸಿಂಗ್ ಮಾಡಿಸಿ ಪ್ರಯೋಜನವಿಲ್ಲ. ಸ್ಟೀರಿಂಗ್ ನಡುಗಿದರೆ ಅಲೈನ್‌ಮೆಂಟಿಗೆ ದುಡ್ಡು ಸುರಿದೂ ಪ್ರಯೋಜನವಿಲ್ಲ.

ಮಳೆಗಾಲದ ಕಾಯಿಲೆ

ನಮ್ಮ ಕಡೆಯ ಅತಿ ದೊಡ್ಡ ತಪ್ಪು ಕಲ್ಪನೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ: ಮಳೆಗಾಲದಲ್ಲಿ ಗಾಡಿ ನಡುಗಿದರೆ ನೇರ ಬ್ಯಾಲೆನ್ಸಿಂಗಿಗೆ ಒಯ್ಯಬೇಕು ಎನ್ನುವುದು. ಜೂನ್ ತಿಂಗಳಿಂದ ಮುಂದೆ ತೋಟದ ದಾರಿಯೆಲ್ಲ ಕೆಸರು. ಜೀಪಿನ ಚಕ್ರದ ಒಳಮೈಗೆ, ಡಿಸ್ಕಿನ ಬಟ್ಟಲಿಗೆ, ಕೆಮ್ಮಣ್ಣು ಮೆತ್ತಿಕೊಳ್ಳುತ್ತದೆ. ರಾತ್ರಿ ಶೆಡ್ಡಿನಲ್ಲಿ ನಿಂತಾಗ ಅದು ಕೆಳಕ್ಕೆ ಇಳಿದು ಒಂದೇ ಕಡೆ ಗಟ್ಟಿಯಾಗುತ್ತದೆ. ಗ್ರಾಂ ಲೆಕ್ಕದಲ್ಲಿ ತೂಗುವ ಜಾಗದಲ್ಲಿ ಅರ್ಧ ಕೆ.ಜಿ. ಮಣ್ಣು! ಬೆಳಿಗ್ಗೆ ಸುಂಟಿಕೊಪ್ಪ ದಾಟಿ ಹೆದ್ದಾರಿ ಹತ್ತಿದರೆ ಗಾಡಿ ಜ್ವರ ಬಂದವರ ಹಾಗೆ ನಡುಗುತ್ತದೆ. ಹೊರಗಿನಿಂದ ನೋಡಿದರೆ ಚಕ್ರ ಚೊಕ್ಕಟವಾಗಿಯೇ ಕಾಣುವುದು ಇದರ ಕಿತಾಪತಿ.

ನಾನೇ ಒಂದು ಸಲ ಮೋಸಹೋಗಿದ್ದೇನೆ. ನಡುಗುವ ಜೀಪನ್ನು ನೇರ ಬ್ಯಾಲೆನ್ಸಿಂಗಿಗೆ ಒಯ್ದೆ. ಅಂಗಡಿಯ ಹುಡುಗ ಮಣ್ಣು ಕೆರೆಯದೆ ಚಕ್ರವನ್ನು ಯಂತ್ರಕ್ಕೆ ಹಾಕಿ, ಯಂತ್ರ ತೋರಿಸಿದಷ್ಟು ತೂಕ ಬಡಿದು ಕಳುಹಿಸಿದ. ಅವತ್ತು ಗಾಡಿ ಹೂವಿನ ಹಾಗೆ ಓಡಿತು. ಎರಡು ದಿನದ ಮೇಲೆ ಮೈಸೂರು ದಾರಿಯಲ್ಲಿ ಒಣಗಿದ ಮಣ್ಣು ಉದುರಿತು, ತೂಕದ ತುಂಡುಗಳು ಉಳಿದವು, ನಡುಕ ಮೊದಲಿಗಿಂತ ಜಾಸ್ತಿ. ಅಂದಿನಿಂದ ಬ್ಯಾಲೆನ್ಸಿಂಗಿಗೆ ಮೊದಲು ಪೈಪ್ ಹಿಡಿದು ಚಕ್ರದ ಒಳಮೈ ತೊಳೆಯುತ್ತೇನೆ. ಹತ್ತರಲ್ಲಿ ನಾಲ್ಕು ಸಲ ಅಂಗಡಿಗೆ ಹೋಗುವ ಅಗತ್ಯವೇ ಬಂದಿಲ್ಲ.

"ಹೊಸ ಟಯರ್ ಅಲ್ವಾ?"

ಹೊಸ ಟಯರಿಗೂ ಬೇಕು. ಹಲವು ಹೊಸ ಟಯರುಗಳ ಪಕ್ಕದಲ್ಲಿ ಒಂದು ಹಳದಿ ಚುಕ್ಕಿ ಇರುತ್ತದೆ. ಟಯರಿನ ಹಗುರವಾದ ಜಾಗ ಅದು. ವಾಲ್ವ್ ಇರುವ ಜಾಗ ಡಿಸ್ಕಿನಲ್ಲಿ ಭಾರ, ಆದ್ದರಿಂದ ಚುಕ್ಕಿಯನ್ನು ವಾಲ್ವಿನ ಪಕ್ಕಕ್ಕೇ ಕೂರಿಸಿದರೆ ಕಡಿಮೆ ತೂಕ ಅಂಟಿಸಿ ಕೆಲಸ ಮುಗಿಯುತ್ತದೆ. ಕಂಪನಿಯವರೇ ಹಗುರವಾದ ಜಾಗ ಗುರುತು ಮಾಡಿ ಕೊಡುತ್ತಿರುವಾಗ ಹೊಸ ಟಯರ್ ಸಮತೂಕದ್ದು ಎಂದು ನಾವು ವಾದಿಸುವುದು ಯಾಕೆ? ಒಂದೇ ಚಕ್ರಕ್ಕೆ ರಾಶಿ ತೂಕ ಬಡಿಯುತ್ತಿದ್ದರೆ ತಡೆಯಿರಿ. ಗಾಳಿ ತೆಗೆದು ಟಯರನ್ನು ಡಿಸ್ಕಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಲು ಹೇಳಿ.

ರೀಸೋಲ್ ಮಾಡಿಸಿದ ಟಯರಿಗೆ ಬ್ಯಾಲೆನ್ಸಿಂಗ್ ಹೊಸದಕ್ಕಿಂತ ಹೆಚ್ಚು ಅಗತ್ಯ. ಪಂಕ್ಚರಿಗೆಂದು ಟಯರ್ ಬಿಚ್ಚಿ ಹಾಕಿದರೂ ಹಳೆಯ ಲೆಕ್ಕ ಕೆಟ್ಟಂತೆಯೇ. ನೈಟ್ರೋಜನ್ ತುಂಬಿಸಿದರೆ ಬ್ಯಾಲೆನ್ಸಿಂಗ್ ಬೇಡ ಎನ್ನುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಟ್ರ್ಯಾಕ್ಟರಿನ ದೊಡ್ಡ ಚಕ್ರಕ್ಕೆ ನೀರು ತುಂಬಿಸುವುದು ಕೂಡ ಬ್ಯಾಲೆನ್ಸಿಗಲ್ಲ, ನೆಲದ ಹಿಡಿತಕ್ಕೆ.

ಇನ್ನು ಡಿಸ್ಕೇ ಬೆಂಡಾಗಿದ್ದರೆ ಯಾವ ಸೀಸವೂ ಕೈ ಹಿಡಿಯದು. ಕೋಳಿಮೊಟ್ಟೆಯ ಆಕಾರದ ಚಕ್ರಕ್ಕೂ ಯಂತ್ರ ಸೊನ್ನೆ ತೋರಿಸಬಲ್ಲದು. ಆದರೂ ರಸ್ತೆಯಲ್ಲಿ ಅದು ಕುಣಿಯುತ್ತಲೇ ಇರುತ್ತದೆ. ಜಾಕ್ ಏರಿಸಿ, ಡಿಸ್ಕಿನ ಅಂಚಿನ ಹತ್ತಿರ ಒಂದು ಮೊಳೆ ಅಲುಗದಂತೆ ಹಿಡಿದು ಚಕ್ರ ತಿರುಗಿಸಿದರೆ ಬೆಂಡು ಕಣ್ಣಿಗೇ ಕಾಣುತ್ತದೆ.

ಬಾಲ ಬೀಸುವ ಟ್ರೇಲರ್

"ಹಿಂದಿನ ಟ್ರೇಲರ್ ಹಾವಿನ ಹಾಗೆ ಆಡುತ್ತೆ, ಚಕ್ರ ಬ್ಯಾಲೆನ್ಸ್ ಮಾಡಿಸಬೇಕು" ಎನ್ನುವುದು ಅಪಾಯದ ತಪ್ಪು ಕಲ್ಪನೆ, ಏಕೆಂದರೆ ನಿಜವಾದ ಕಾರಣ ಹಾಗೇ ಉಳಿದುಬಿಡುತ್ತದೆ. ಇದು ಹೆಚ್ಚಾಗಿ ಹೊರೆ ಹೇರಿದ ರೀತಿಯ ತಪ್ಪು. ಭಾರವೆಲ್ಲ ಆಕ್ಸಲಿನ ಹಿಂದಕ್ಕೆ ಬಿದ್ದರೆ ಟ್ರೇಲರ್ ಬಾಲ ಬೀಸುತ್ತದೆ. ಟ್ರಾವೆಲ್ ಟ್ರೇಲರಿಗೆ ಅಮೆರಿಕದಲ್ಲಿ ಹೇಳುವ ಲೆಕ್ಕ, ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಕೂರಬೇಕು. ಒಂದು ಟನ್ ಟ್ರೇಲರ್ ಆದರೆ ಕೊಂಡಿಯ ಮೇಲೆ ನೂರರಿಂದ ನೂರೈವತ್ತು ಕೆ.ಜಿ. ಕಾಫಿ ಮೂಟೆ ಹೇರುವಾಗ ನಮ್ಮ ಹಳೆಯ ಡ್ರೈವರುಗಳು "ಮೂತಿ ಮೇಲೆ ಏಳಬಾರದು" ಎಂದು ಕೂಗುತ್ತಾರಲ್ಲ, ಅದೇ ಮಾತು.

ಅಣ್ಣನ ಮಗನಿಗೆ ನಾನು ಹೇಳಿದ್ದು ಇಷ್ಟು: ನಾಲ್ಕೂ ಚಕ್ರ ಬ್ಯಾಲೆನ್ಸ್ ಮಾಡಿಸು, ಸ್ಟೆಪ್ನಿಯನ್ನೂ ಬಿಡಬೇಡ. ಟ್ರೇಲರಿನ ಡಿಸ್ಕುಗಳು ಎಷ್ಟೋ ಸಲ ನಡುವಿನ ತೂತಿನ ಆಧಾರದಲ್ಲಿ ಕೂರುವುದಿಲ್ಲ, ನಟ್ಟುಗಳ ಆಧಾರದಲ್ಲಿ ಕೂರುತ್ತವೆ. ಯಂತ್ರದ ಮೇಲೂ ನಟ್ಟಿನ ತೂತುಗಳಿಂದಲೇ ಹಿಡಿಸು. ಟಯರಿನ ಪಕ್ಕದ ನಾಲ್ಕು ಅಂಕಿ ಓದು. 2319 ಎಂದಿದ್ದರೆ 2019ರ 23ನೇ ವಾರದ ಟಯರ್. ನಿಂತಲ್ಲೇ ನಿಲ್ಲುವ ಟ್ರೇಲರಿನ ಟಯರ್ ಸವೆಯುವ ಮೊದಲೇ ಬಿಸಿಲಿಗೆ ಮುದಿಯಾಗುತ್ತದೆ. ಮುದಿ ಟಯರಿಗೆ ಬ್ಯಾಲೆನ್ಸಿಂಗ್ ಮಾಡಿಸುವುದು ದಂಡ.

ನಮ್ಮ ತೋಟದ ಟ್ರೇಲರಿಗೆ ಮಾತ್ರ ಈವರೆಗೆ ಒಂದು ಗ್ರಾಂ ಸೀಸವೂ ಅಂಟಿಲ್ಲ. ಅದಕ್ಕೆ ಬೇಕಾದದ್ದು ಗಾಳಿ, ಬೇರಿಂಗಿಗೆ ಗ್ರೀಸ್, ಹಿಂದೆ ಒಂದು ಕೆಂಪು ರಿಫ್ಲೆಕ್ಟರ್. ಮೂರರಲ್ಲಿ ರಿಫ್ಲೆಕ್ಟರ್ ಹೋದ ಕೊಯ್ಲಿನಲ್ಲಿ ಒಡೆದದ್ದು ಇನ್ನೂ ಹಾಕಿಸಿಲ್ಲ. ಈ ವಾರ ಹಾಕಿಸಬೇಕು.